ಕಾಗದದಾಗ ಉದ್ಯೋಗ ಇಲ್ಲ, ಕೈಯಾಗ ಜೀವಮಾನವಿಡೀ ಕುಂಚ: ಚಿತ್ರಗಾರ್ತಿ ಬರ್ತ್ ಮೊರಿಸೊ ಬದುಕು

ವಾಡಿ: 1895ರ ಮಾರ್ಚ್ 2ರಂದು ಪ್ಯಾರಿಸ್‌ನಲ್ಲಿ 54 ವರ್ಷದ ಒಬ್ಬ ಹೆಣ್ಮಗಳು ತೀರಿಕೊಂಡರು. ಮರಣ ಪತ್ರ ಬರೆಯುವಾಗ ಅವರಿಗೆ ಯಾವ ಉದ್ಯೋಗವೂ ಇಲ್ಲ ಅಂತ ನಮೂದಿಸಿದರು. ಆದರೆ ಅವರು ಬಿಡಿಸಿಟ್ಟಿದ್ದ ಎಣ್ಣೆಬಣ್ಣದ ಚಿತ್ರಗಳೇ 400ಕ್ಕೂ ಹೆಚ್ಚು. ಜಲವರ್ಣದ ಚಿತ್ರಗಳು ಬೇರೆ. ಆ ಹೆಣ್ಮಗಳ ಹೆಸರು ಬರ್ತ್ ಮೊರಿಸೊ. ಇಂಪ್ರೆಷನಿಸಂ ಅನ್ನೋ ಚಿತ್ರಕಲೆಯ ದಾರಿಯನ್ನು ಶುರು ಮಾಡಿದವರಲ್ಲಿ ಇವರೂ ಒಬ್ಬರು.

ಅಧಿಕಾರಿ ಮನೆ ಮಗಳು

ಬರ್ತ್ ಹುಟ್ಟಿದ್ದು 1841ರ ಜನವರಿ 14ರಂದು, ಫ್ರಾನ್ಸಿನ ಬೂರ್ಜ್ ಎಂಬ ಊರಲ್ಲಿ. ತಂದೆ ಜಿಲ್ಲೆಯ ದೊಡ್ಡ ಅಧಿಕಾರಿ, ನಮ್ಮ ಕಡೆ ಡಿಸಿ ಸಾಹೇಬರು ಇದ್ದಂಗೆ. 1852ರಲ್ಲಿ ಕುಟುಂಬ ಪ್ಯಾರಿಸ್‌ಗೆ ಬಂತು. ದೊಡ್ಡ ಮನೆತನದ ಹೆಣ್ಮಕ್ಕಳು ಸ್ವಲ್ಪ ಸಂಗೀತ, ಸ್ವಲ್ಪ ಚಿತ್ರ ಕಲಿತರೆ ಮದುವೆ ಮಾತುಕತೆಗೆ ಅನುಕೂಲ ಅನ್ನೋ ಕಾಲ ಅದು. ತಾಯಿ ಮಕ್ಕಳಿಗೆ ಡ್ರಾಯಿಂಗ್ ಪಾಠ ಇಡಿಸಿದರು. ಬರ್ತ್ ಮತ್ತು ಅಕ್ಕ ಎಡ್ಮಾ ಎಷ್ಟು ಚಲೋ ಕಲಿತರೆಂದರೆ, ಗುರು ಗಿಶಾರ್ ಅವರಿಗೇ ಗಾಬರಿ ಆಯಿತು. ಈ ಹುಡುಗಿಯರು ಹವ್ಯಾಸಕ್ಕೆ ನಿಲ್ಲುವವರಲ್ಲ, ಖರೇನೇ ಚಿತ್ರಗಾರರು ಆಗುತ್ತಾರೆ, ನಿಮ್ಮಂಥ ಮನೆತನಕ್ಕೆ ಅದು ದೊಡ್ಡ ಅನಾಹುತ ಆದೀತು ಎಂದು ತಾಯಿಗೆ ಮೊದಲೇ ಎಚ್ಚರಿಸಿದರು. ತಾಯಿ ಹೆದರಲಿಲ್ಲ, ಪಾಠ ಮುಂದುವರಿಯಿತು.

ಸರ್ಕಾರಿ ಕಲಾಶಾಲೆಗೆ ಆಗ ಹೆಣ್ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1897ರಲ್ಲಿ, ಬರ್ತ್ ತೀರಿಹೋದ ಎರಡು ವರ್ಷಕ್ಕೆ. ಹಾಗಾಗಿ ಅಕ್ಕ ತಂಗಿ ಲೂವ್ರ್ ಮ್ಯೂಸಿಯಂಗೆ ಹೋಗಿ ಹಳೇ ಚಿತ್ರಗಳನ್ನು ನೋಡಿ ನೋಡಿ ನಕಲು ಮಾಡಿ ಕಲಿತರು. ಕಾಮಿಲ್ ಕೊರೊ ಎಂಬ ಹಿರಿಯ ಚಿತ್ರಗಾರರ ಕೈಕೆಳಗೆ ಹೊರಗಡೆ ಬಯಲಲ್ಲಿ ಕೂತು ಬಿಡಿಸೋದನ್ನು ಕಲಿತರು. 1864ರಲ್ಲಿ, 23ನೇ ವಯಸ್ಸಿಗೆ, ಸರ್ಕಾರದ ದೊಡ್ಡ ಪ್ರದರ್ಶನ ‘ಸಲೋನ್’ನಲ್ಲಿ ಬರ್ತ್ ಚಿತ್ರಗಳು ಗೋಡೆ ಏರಿದವು.

ಅಕ್ಕ ಬಿಟ್ಟಳು, ತಂಗಿ ಹಿಡಿದಳು

1869ರಲ್ಲಿ ಎಡ್ಮಾ ನೌಕಾಪಡೆ ಅಧಿಕಾರಿಯನ್ನು ಮದುವೆಯಾದರು. ಅಲ್ಲಿಗೆ ಅವರ ಕುಂಚ ನಿಂತಿತು. ಇಬ್ಬರೂ ಕೂಡಿ 10 ವರ್ಷಕ್ಕೂ ಹೆಚ್ಚು ಕಲಿತಿದ್ದರು, ಕೊನೆಗೆ ತಂಗಿ ಒಬ್ಬಳೇ ಉಳಿದಳು. ಬರ್ತ್ ಅವರ ಬಹಳ ಹೆಸರಾದ ಚಿತ್ರ ‘ತೊಟ್ಟಿಲು’ (1872). ಅದರಲ್ಲಿ ಮಲಗಿದ ಕೂಸನ್ನು ನೋಡುತ್ತಾ ಕೂತ ತಾಯಿ ಬೇರೆ ಯಾರೂ ಅಲ್ಲ, ಇದೇ ಎಡ್ಮಾ.

ಈ ಹೊತ್ತಿಗೆ ಎದುವಾರ್ ಮಾನೆ ಎಂಬ ಪ್ರಸಿದ್ಧ ಚಿತ್ರಗಾರರ ಪರಿಚಯ ಆಗಿತ್ತು. ಬರ್ತ್ ತಾಯಿ ಮತ್ತು ಅಕ್ಕನ ಚಿತ್ರವೊಂದನ್ನು 1870ರ ಸಲೋನ್‌ಗೆ ಸಿದ್ಧ ಮಾಡಿದ್ದರು. ಮಾನೆ ಸಲಹೆ ಕೊಡಲು ಬಂದವರು ತಾವೇ ಕುಂಚ ಹಿಡಿದು ತಾಯಿಯ ಚಿತ್ರವನ್ನು ತಿದ್ದಿಬಿಟ್ಟರು. ಬರ್ತ್‌ಗೆ ಭಾಳ ಬ್ಯಾಸರ ಆಯಿತು. ಆದರೂ ಮಾನೆ ಮೇಲಿನ ಗೌರವ ಬಿಡಲಿಲ್ಲ, ಮಾನೆ ಹೇಳಿದ್ದನ್ನೆಲ್ಲಾ ಕೇಳಲೂ ಇಲ್ಲ.

ಅದು ಗೊತ್ತಾಗಿದ್ದು 1874ರಲ್ಲಿ. ಸಲೋನ್ ಸಹವಾಸ ಸಾಕೆಂದು ಮೊನೆ, ರೆನ್ವಾರ್, ದೆಗಾ, ಪಿಸ್ಸಾರೊ ಮೊದಲಾದವರು ತಮ್ಮದೇ ಪ್ರದರ್ಶನ ಇಟ್ಟರು. ಸೇರಬೇಡ ಅಂತ ಮಾನೆ ಹೇಳಿದರೂ ಬರ್ತ್ ಸೇರಿದರು. ಸುಮಾರು 30 ಮಂದಿಯಲ್ಲಿ ಅವರೊಬ್ಬರೇ ಹೆಣ್ಮಗಳು. ಮೊನೆಯ ಒಂದು ಚಿತ್ರದ ಹೆಸರು ಹಿಡಿದು ಪತ್ರಿಕೆಯವನೊಬ್ಬ ಇವರನ್ನೆಲ್ಲಾ ಗೇಲಿ ಮಾಡಿದ. ಆ ಗೇಲಿ ಮಾತೇ ಇಂಪ್ರೆಷನಿಸ್ಟ್ ಅನ್ನೋ ಹೆಸರಾಗಿ ಉಳಿಯಿತು.

ಏನಿದು ಇಂಪ್ರೆಷನಿಸಂ?

ಇದನ್ನು ತಿಳಿಯಲು ಪ್ಯಾರಿಸ್‌ಗೆ ಹೋಗೋದು ಬ್ಯಾಡ. ಬೆಳಿಗ್ಗೆ ಆರೂವರೆಗೆ ವಾಡಿ ಜಂಕ್ಷನ್ ಹೊರಗೆ ನಿಂತು ನೋಡ್ರಿ, ಶಹಾಬಾದ್ ಕಲ್ಲು ಹಾಸಿದ ನೆಲ ಸ್ವಲ್ಪ ನೀಲಿ ಕಾಣತದ. ಮಧ್ಯಾಹ್ನ ಅದೇ ಕಲ್ಲು ಬೆಳ್ಳಗೆ ಕಣ್ಣು ಕುಕ್ಕತದ. ಸಂಜೆಗೆ ಕೆಂಪು ತಿರುಗತದ. ಕಲ್ಲು ಬದಲಾಗಿಲ್ಲ, ಬೆಳಕು ಬದಲಾಗಿದೆ. ಆ ಒಂದು ಗಳಿಗೆಯ ಬೆಳಕನ್ನು ಅದು ಹೋಗೋದರೊಳಗೆ ಬೇಗ ಬೇಗ ಬಣ್ಣದಲ್ಲಿ ಹಿಡಿಯೋದೇ ಇವರ ಕೆಲಸ. ಬರ್ತ್ ಕೈ ಎಷ್ಟು ಚುರುಕೆಂದರೆ ಚಿತ್ರದ ಅಂಚಿನಲ್ಲಿ ಬಟ್ಟೆ ಹಾಗೇ ಖಾಲಿ ಬಿಟ್ಟಿದ್ದೂ ಉಂಟು. ಅರ್ಧಂಬರ್ಧ ಕೆಲಸ ಅಂತ ಜನ ಬೈದರು.

1875ರಲ್ಲಿ ಈ ಗುಂಪು ತಮ್ಮ ಚಿತ್ರಗಳನ್ನು ಹರಾಜಿಗೆ ಇಟ್ಟಾಗ ಜನ ಕೂಗಿ ಗಲಾಟೆ ಮಾಡಿದರು. ಆದರೆ ಆ ದಿನದ ಅತಿ ಹೆಚ್ಚು ಬೆಲೆ, 480 ಫ್ರಾಂಕ್, ಬಂದದ್ದು ಬರ್ತ್ ಚಿತ್ರಕ್ಕೆ. ವ್ಯಾಪಾರಸ್ಥರಿಗೆ ಈ ಲೆಕ್ಕ ಬೇಗ ತಿಳಿದೀತು.

ಸಂಸಾರ, ಕೆಲಸ ಎರಡೂ

1874ರ ಡಿಸೆಂಬರ್‌ನಲ್ಲಿ ಬರ್ತ್ ಮಾನೆಯ ತಮ್ಮ ಯೂಜೆನ್ ಅವರನ್ನು ಮದುವೆಯಾದರು. ಯೂಜೆನ್ ಹೆಂಡತಿಯ ಕೆಲಸಕ್ಕೆ ಬೆನ್ನು ಕೊಟ್ಟು ನಿಂತರು. ಪತ್ರಿಕೆಯಲ್ಲಿ ಒಬ್ಬ ವಿಮರ್ಶಕ ಇವರ ಗುಂಪನ್ನು ಹುಚ್ಚರೆಂದು ಬರೆದಾಗ ಜಗಳಕ್ಕೇ ಹೊರಟಿದ್ದರು. 1878ರಲ್ಲಿ ಮಗಳು ಜೂಲಿ ಹುಟ್ಟಿದಳು. ಇಂಪ್ರೆಷನಿಸ್ಟರ ಎಂಟು ಪ್ರದರ್ಶನಗಳಲ್ಲಿ ಬರ್ತ್ ತಪ್ಪಿಸಿದ್ದು ಒಂದೇ, ಬಾಣಂತನದ ನಂತರದ 1879ರದ್ದು.

ಬಹಳ ಕಾಲ ಬೇರೆ ಸ್ಟುಡಿಯೋ ಇರಲಿಲ್ಲ. ಮನೆಯ ಪಡಸಾಲೆಯಲ್ಲೇ ಬಿಡಿಸುತ್ತಿದ್ದರು. ಮಂದಿ ಬಂದರೆ ಬಣ್ಣ, ಕುಂಚ ಎಲ್ಲಾ ಒಳಗೆ ಎತ್ತಿಡುತ್ತಿದ್ದರು. ಗಂಡಸರು ಕಾಫಿ ಹೋಟೆಲು, ಬೀದಿ ಬಿಡಿಸಿದರೆ ಇವರು ಮನೆ, ಹಿತ್ತಿಲು, ಮಗಳು, ಕೆಲಸದ ಹೆಂಗಸರು, ಒಣಗಿಸಿದ ಬಟ್ಟೆ ಬಿಡಿಸಿದರು.

1892ರಲ್ಲಿ ಗಂಡ ತೀರಿಕೊಂಡರು. ಅದೇ ವರ್ಷ ಬರ್ತ್ ಒಬ್ಬರದೇ ಮೊದಲ ಪ್ರದರ್ಶನ ಆಯಿತು. 1894ರಲ್ಲಿ ಸರ್ಕಾರ ಅವರ ಚಿತ್ರವೊಂದನ್ನು ಕೊಂಡುಕೊಂಡಿತು. ಮರುವರ್ಷ ಜೂಲಿಗೆ ಕಾಯಿಲೆ ಬಂತು. ಆರೈಕೆ ಮಾಡಿದ ತಾಯಿಗೂ ಹತ್ತಿ ನ್ಯುಮೋನಿಯಾ ಆಯಿತು. ಮಗಳು ಉಳಿದಳು, ತಾಯಿ ಉಳಿಯಲಿಲ್ಲ. ಸಮಾಧಿ ಮೇಲೂ ಯೂಜೆನ್ ಮಾನೆಯ ವಿಧವೆ ಅಂತಲೇ ಕೆತ್ತಿದರು. ಮಾರನೇ ವರ್ಷ ಮೊನೆ, ರೆನ್ವಾರ್, ದೆಗಾ ನಿಂತು ಅವರ ಮುನ್ನೂರಕ್ಕೂ ಹೆಚ್ಚು ಕೃತಿಗಳ ಪ್ರದರ್ಶನ ಮಾಡಿಸಿದರು.

2013ರಲ್ಲಿ ಲಂಡನ್ ಹರಾಜಿನಲ್ಲಿ ಬರ್ತ್ ಅವರ ‘ಊಟದ ನಂತರ’ ಚಿತ್ರ ಸುಮಾರು 1 ಕೋಟಿ 9 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ಆಗ 50 ಕೋಟಿಗೂ ಮೇಲೆ. ಅಲ್ಲಿವರೆಗೆ ಹರಾಜಿನಲ್ಲಿ ಮಹಿಳೆಯೊಬ್ಬರ ಚಿತ್ರಕ್ಕೆ ಸಿಕ್ಕ ಅತಿ ದೊಡ್ಡ ಬೆಲೆ ಅದು.

ಕಲಬುರಗಿಯ ಎಸ್.ಎಂ. ಪಂಡಿತ್ ಅವರ ಹೆಸರಿನಲ್ಲಿ ರಂಗಮಂದಿರ ಇದೆ. ಚಿತ್ರಗಾರರಿಗೆ ಮರ್ಯಾದೆ ಕೊಡುವ ಜಿಲ್ಲೆ ನಮ್ಮದು. ಆದರೆ ಅರ್ಜಿ ಫಾರಂ ತುಂಬಿಸುವಾಗ ದಿನಾ ಅಂಗಡಿ ಗಲ್ಲೆ ಮೇಲೆ ಕೂತು ವ್ಯಾಪಾರ ಮಾಡುವ, ರಾತ್ರಿ ಮಷಿನ್ ತುಳಿದು ಬಟ್ಟೆ ಹೊಲಿಯುವ ಹೆಣ್ಮಕ್ಕಳ ಮುಂದೆ ಮನೆಗೆಲಸ ಅಂತಲೇ ಬರೆಯುವ ರೂಢಿ ಇನ್ನೂ ಹೋಗಿಲ್ಲ. ಮುಂದಿನ ಸಲ ಉದ್ಯೋಗದ ಜಾಗ ತುಂಬೋ ಮುಂಚೆ ಅವರನ್ನೇ ಒಂದು ಮಾತು ಕೇಳಿ ಬರೀರಿ.