ಚಮಚ, ಮೇಣದಬತ್ತಿ ಮತ್ತು ಡಾಕ್ಟರ್ ಬ್ರೈಟ್

ಶಾರ್ಜಾದ ನಮ್ಮ ರೂಮಿನಲ್ಲಿ ನಾವು ಆರು ಜನ. ಅದರಲ್ಲಿ ಮೂವರಿಗೆ ಶುಗರ್. ಕಳೆದ ಬೇಸಿಗೆಯಲ್ಲಿ ನನ್ನ ರಕ್ತದಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದಾಗ, ಶುಗರ್ ಕಿಡ್ನಿಗೆ ಹೊಡೀತು ಅಂತ ರೂಮಿನವರೆಲ್ಲ ತೀರ್ಮಾನ ಮಾಡಿಬಿಟ್ಟರು. ನಾನೂ ನಂಬಿದೆ. ಮಗಳ ಮದುವೆಯ ಸಾಲ ತೀರೋವರೆಗಾದರೂ ಇಲ್ಲಿ ಇರಲು ಆಗುತ್ತದಾ ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಆದರೆ ಡಾಕ್ಟರು ಅಷ್ಟು ಸುಲಭವಾಗಿ ನಂಬಲಿಲ್ಲ. ಆ ಕತೆಯನ್ನು ಕೊನೆಗೆ ಹೇಳುತ್ತೇನೆ. ಹೀಗೆ ಸುಲಭವಾಗಿ ನಂಬದೆ ಕಾರಣ ಹುಡುಕುವ ಕೆಲಸವನ್ನು ಇನ್ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ ಒಬ್ಬರ ಬಗ್ಗೆ ಮೊದಲು ಹೇಳಬೇಕು. ಅವರ ಹೆಸರು ರಿಚರ್ಡ್ ಬ್ರೈಟ್.

ಬ್ರೈಟ್ ಹುಟ್ಟಿದ್ದು 1789ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ. ತಂದೆ ವ್ಯಾಪಾರಿ, ಬ್ಯಾಂಕು ನಡೆಸುತ್ತಿದ್ದವರು. ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಎಡಿನ್‌ಬರೋದಲ್ಲಿ ಓದುತ್ತಿದ್ದಾಗಲೇ, 1810ರಲ್ಲಿ, ಐಸ್‌ಲ್ಯಾಂಡಿಗೆ ಹೊರಟ ಒಂದು ತಂಡ ಸೇರಿಕೊಂಡು ಅಲ್ಲಿನ ಗಿಡ, ಪ್ರಾಣಿಗಳನ್ನೆಲ್ಲ ನೋಡಿ ಬಂದರು. 1813ರಲ್ಲಿ ವೈದ್ಯರಾದರು. ಆಮೇಲೆ ಹಂಗೇರಿಯನ್ನು ಸುತ್ತಿ, 1818ರಲ್ಲಿ ಆ ಪ್ರವಾಸದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದ್ದರು. ಕಣ್ಣಿಟ್ಟು ನೋಡುವುದು, ನೋಡಿದ್ದನ್ನು ಬರೆದಿಡುವುದು, ಈ ಅಭ್ಯಾಸ ಅವರಿಗೆ ಆಗಲೇ ಬಂದಿತ್ತು.

ಲಂಡನ್ನಿನ ಜ್ವರದ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವರಿಗೇ ಜ್ವರ ಹತ್ತಿ ಜೀವಕ್ಕೆ ಬಂದಿತ್ತು. 1820ರಲ್ಲಿ ಗೈಸ್ ಆಸ್ಪತ್ರೆ ಸೇರಿದರು. ಮದುವೆಯಾಗಿ ವರ್ಷ ಕಳೆಯುವುದರೊಳಗೆ, 1823ರಲ್ಲಿ, ಹೆಂಡತಿ ಬಾಣಂತನದಲ್ಲಿ ತೀರಿಕೊಂಡರು. ಅಂಥ ದುಃಖದಲ್ಲೂ ವಾರ್ಡಿನ ಕೆಲಸ ಬಿಡಲಿಲ್ಲ.

ಆ ವಾರ್ಡಿಗೆ ಬರುತ್ತಿದ್ದವರು ಲಂಡನ್ನಿನ ಬಡವರು. ಎಷ್ಟೋ ಜನರಿಗೆ ಮುಖ, ಕಾಲು, ಹೊಟ್ಟೆಯೆಲ್ಲ ನೀರು ತುಂಬಿ ಊದಿಕೊಂಡಿರುತ್ತಿತ್ತು. ಆಗಿನ ಕಾಲಕ್ಕೆ ಆ ಊತವೇ ಒಂದು ಕಾಯಿಲೆ. ಅದಕ್ಕೊಂದು ಹೆಸರು, ಮೈಯಿಂದ ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಅಷ್ಟೇ. ಬ್ರೈಟ್ ಅವರಿಗೆ ಇದು ಸಾಲಲಿಲ್ಲ. ಊತ ಎಲ್ಲರಲ್ಲೂ ಒಂದೇ ಥರ ಕಂಡರೂ ಹೊರಟ ಜಾಗ ಒಂದೇನಾ? ಹೃದಯವೋ, ಲಿವರೋ, ಕಿಡ್ನಿಯೋ?

ಇದನ್ನು ಪತ್ತೆ ಮಾಡಲು ಅವರ ಹತ್ತಿರ ಇದ್ದ ಸಾಮಾನು ನಮ್ಮ ಅಡುಗೆಮನೆಯದ್ದೇ. ಒಂದು ಚಮಚದಲ್ಲಿ ರೋಗಿಯ ಮೂತ್ರ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸುವುದು. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಇದ್ದರೆ ಬೆಂದ ಮೊಟ್ಟೆಯ ಬಿಳಿಯ ಹಾಗೆ ಬೆಳ್ಳಗಾಗುತ್ತದೆ. ಮೂತ್ರ ಹೀಗೆ ಗಟ್ಟಿಯಾಗುವುದನ್ನು ಅವರಿಗಿಂತ ಮುಂಚೆಯೂ ಕೆಲವರು ನೋಡಿದ್ದರು. ಆದರೆ ಬ್ರೈಟ್ ಅಲ್ಲಿಗೇ ನಿಲ್ಲಿಸಲಿಲ್ಲ. ಆ ರೋಗಿಗಳು ಸತ್ತ ಮೇಲೆ ದೇಹ ಕೊಯ್ದು ನೋಡಿದರು, ಕಿಡ್ನಿ ಕೆಟ್ಟಿರುತ್ತಿತ್ತು. ಊತ, ಅಲ್ಬುಮಿನ್, ಕೆಟ್ಟ ಕಿಡ್ನಿ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ 1827ರಲ್ಲಿ ಬಣ್ಣದ ಚಿತ್ರಗಳ ಸಮೇತ ಪುಸ್ತಕ ತಂದರು. 1836ರಲ್ಲಿ ಇಂಥ ನೂರು ರೋಗಿಗಳ ವಿವರ ಕೊಟ್ಟರು. 1842ರಲ್ಲಿ ಗೈಸ್ ಆಸ್ಪತ್ರೆ ಕಿಡ್ನಿ ರೋಗಿಗಳಿಗಾಗಿಯೇ ಎರಡು ವಾರ್ಡು ಮತ್ತು ಒಂದು ಪ್ರಯೋಗಶಾಲೆ ಬಿಟ್ಟುಕೊಟ್ಟಿತು.

1837ರಲ್ಲಿ ಅವರು ವಿಕ್ಟೋರಿಯಾ ರಾಣಿಯ ವೈದ್ಯರಲ್ಲಿ ಒಬ್ಬರಾದರು. 1858ರ ಡಿಸೆಂಬರ್ 16ರಂದು ತೀರಿಕೊಂಡರು. ಜೀವ ತೆಗೆದದ್ದು ಕಿಡ್ನಿಯಲ್ಲ, ಹೃದಯದ ಕವಾಟದ ಕಾಯಿಲೆ.

ಆದರೆ ಒಂದು ವಿಚಿತ್ರ ನೋಡಿ. ಊತ ಅನ್ನುವ ಒಂದೇ ಹೆಸರನ್ನು ಒಡೆದು ಕಾರಣ ಹುಡುಕಿದವರ ಹೆಸರೇ ಆಮೇಲೆ ಅಂಥ ಇನ್ನೊಂದು ಹೆಸರಾಯಿತು. ಮುಂದೆ ಬಹಳ ವರ್ಷ ಎಲ್ಲಾ ಥರದ ಕಿಡ್ನಿ ಕಾಯಿಲೆಗೂ ಬ್ರೈಟ್ ಕಾಯಿಲೆ ಅಂತಲೇ ಕರೆದರು. 1936ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಸಕ್ಕರೆ ಕಾಯಿಲೆಯವರ ಕಿಡ್ನಿಯ ಸೋಸುವ ಗಂಟುಗಳಲ್ಲಿ ಒಂದು ವಿಶೇಷ ಗುರುತನ್ನು ವಿವರಿಸಿದರು. ಸಕ್ಕರೆಯಿಂದ ಕೆಟ್ಟ ಕಿಡ್ನಿಗೆ ತನ್ನದೇ ಚಹರೆ ಇದೆ ಅಂತ ಆಗ ಗೊತ್ತಾಯ್ತು. ಅಂದರೆ ಶುಗರ್ ಇರುವವನ ಕಿಡ್ನಿ ಬೇರೆ ಕಾರಣದಿಂದಲೂ ಕೆಡಬಹುದು: ಬಿಪಿ, ಕಲ್ಲು, ಸೋಂಕು, ಕಿಡ್ನಿಯದೇ ಉರಿಯೂತ, ಮಾತ್ರೆಗಳು.

ಈಗ ನನ್ನ ಕತೆ. ಡಾಕ್ಟರು ಮೊದಲು ಮೂತ್ರದಲ್ಲಿ ಅಲ್ಬುಮಿನ್ ನೋಡಿಸಿದರು, ಇರಲಿಲ್ಲ. ಕಣ್ಣಿನ ಹಿಂಭಾಗ ನೋಡಿಸಿದರು. ಶುಗರ್ ಕಿಡ್ನಿಯ ಸಣ್ಣ ರಕ್ತನಾಳ ಕೆಡಿಸಿದ್ದರೆ ಬಹಳ ಸಲ ಕಣ್ಣಿನಲ್ಲೂ ಅದರ ಗುರುತು ಇರುತ್ತದೆ. ನನ್ನದು ಚೊಕ್ಕವಾಗಿತ್ತು. ಹಳೇ ರಿಪೋರ್ಟು ತರಿಸಿದರು, ನಾಲ್ಕು ತಿಂಗಳ ಹಿಂದೆ ಎಲ್ಲಾ ಸರಿ ಇತ್ತು. ಸ್ಕ್ಯಾನಿನಲ್ಲಿ ಕಲ್ಲೂ ಇರಲಿಲ್ಲ. ಆಮೇಲೆ ಯಾವ ಯಾವ ಮಾತ್ರೆ ನುಂಗುತ್ತೀಯ ಅಂತ ಕೇಳಿದರು. ಸೊಂಟನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ದಿನಕ್ಕೆ ಎರಡು, ಮೂರು ತಿಂಗಳಿಂದ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೇಲಿಂದ ಸೈಟಿನ ಬಿಸಿಲು. ಮಧ್ಯಾಹ್ನ 12.30ರಿಂದ 3ರವರೆಗೆ ವಿರಾಮ ಇದ್ದರೂ ಬೆಳಗಿನ ಸೆಕೆಗೇ ಮೈ ಒಣಗುತ್ತಿತ್ತು. ಟಾಯ್ಲೆಟ್ ದೂರ ಅಂತ ನೀರೂ ಕಡಿಮೆ ಕುಡಿಯುತ್ತಿದ್ದೆ. ಮಾತ್ರೆ ನಿಲ್ಲಿಸಿ, ನೀರು ಹೆಚ್ಚಿಸಿ ಆರು ವಾರ ಆದ ಮೇಲೆ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿಯಿತು.

ಎಲ್ಲರ ಕತೆ ಹೀಗೆ ಮುಗಿಯೋದಿಲ್ಲ. ನಮ್ಮ ರೂಮಿನ ಇನ್ನೊಬ್ಬರಿಗೆ ನಿಜವಾಗಿಯೂ ಶುಗರೇ ಕಾರಣ, ಅವರಿಗೆ ಔಷಧ ಬೇರೆ. ಅದಕ್ಕೇ ಕಾರಣ ಗೊತ್ತಾಗಬೇಕು. ಶುಗರ್ ಇರುವ ಗೆಳೆಯರೇ, ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್, ಕಣ್ಣು ಮೂರನ್ನೂ ನೋಡಿಸಿಕೊಳ್ಳಿ. ಹೋಗುವಾಗ ಊರಿಂದ ತಂದ ಪುಡಿ, ಅಂಗಡಿಯ ಮಾತ್ರೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ನಾಚಿಕೆ ಬೇಡ. ನಾನು ಈಗ ಹಾಗೇ ಮಾಡುತ್ತೇನೆ.