ಗಣಿತ ಕಲಿತ ದಾದಿ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ರೂಪನಗುಡಿ)

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಪ್ರಾಥಮಿಕ ಶಾಲೆಯ ಪಾಠದಲ್ಲಿಯೇ ಆಕೆ ದೀಪ ಹಿಡಿದು ನಮ್ಮೆದುರು ಬಂದಿರುತ್ತಾಳೆ. ಆದರೆ ಆ ದೀಪ ಹಿಡಿಯುವ ಮೊದಲು ಆಕೆ ಏನು ಓದಿದ್ದಳು, ಆ ಓದು ಮುಂದೆ ಏನಾಯಿತು ಎಂಬುದನ್ನು ನಾವು ವಿಚಾರಿಸುವುದಿಲ್ಲ. ಬಿ.ಎ. ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ನಮಗೆ ಬೇಕಾದುದು ಆ ಕಥೆಯೇ.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ತಾಯಿ ಶ್ರೀಮಂತ ಆಂಗ್ಲರು. ಆ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿರಲಿಲ್ಲ. ತಂದೆಯೇ ಮನೆಯಲ್ಲಿ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ತ್ವಶಾಸ್ತ್ರಗಳನ್ನು ಕಲಿಸಿದ. ಗಣಿತವನ್ನಂತೂ ಆಕೆ ಹಟ ಹಿಡಿದು ಕಲಿತಳು.

ಇಷ್ಟು ಓದಿದ ಮಗಳು ದಾದಿಯಾಗುವೆನೆಂದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ದಾದಿಯ ಕೆಲಸವೆಂದರೆ ಬೇರೆ ಗತಿಯಿಲ್ಲದವರು ಮಾಡುವುದು ಎಂಬ ಭಾವನೆ ಅಂದು ಬಲವಾಗಿತ್ತು. ತಾಯಿಯೂ ಅಕ್ಕನೂ ಬಲವಾಗಿ ವಿರೋಧಿಸಿದರು. ವರ್ಷಗಟ್ಟಲೆ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಶುಶ್ರೂಷೆ ಕಲಿತಾಗ ಆಕೆಗೆ ಮೂವತ್ತೊಂದು ವರ್ಷ.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುತಾರಿಗೆ ಹೋದಳು. ಅಲ್ಲಿನ ಆಸ್ಪತ್ರೆಯ ಅಡಿಯಲ್ಲೇ ಕೊಳಚೆ ಕಟ್ಟಿನಿಂತಿತ್ತು. 1855ರ ಫೆಬ್ರವರಿಯಲ್ಲಿ ಸೇರಿದ ನೂರು ಮಂದಿಯಲ್ಲಿ 42 ಜನ ಸಾಯುತ್ತಿದ್ದರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಆ ಸಂಖ್ಯೆ ಬೇಸಗೆಯ ಹೊತ್ತಿಗೆ ಎರಡಕ್ಕೆ ಇಳಿಯಿತು.

ಹಳೆಯ ಓದು ಕೈಹಿಡಿದದ್ದು ಇಲ್ಲಿಯೇ. 1856ರಲ್ಲಿ ಹಿಂತಿರುಗಿದ ಆಕೆ, ಅಂಕಿ ಅಂಶಗಳಲ್ಲಿ ನಿಪುಣನಾದ ವಿಲಿಯಂ ಫಾರ್‌ನ ನೆರವಿನಿಂದ ಸತ್ತವರ ಲೆಕ್ಕ ತೆಗೆದಳು. ಗುಂಡೇಟಿಗಿಂತ ರೋಗವೇ ಹೆಚ್ಚು ಸೈನಿಕರನ್ನು ಕೊಂದಿತ್ತು. ತಾನು ಹಗಲಿರುಳು ದುಡಿದ ಆಸ್ಪತ್ರೆಯೇ ಅನೇಕರ ಸಾವಿಗೆ ಕಾರಣವಾಗಿತ್ತೆಂಬ ಕಹಿ ಸತ್ಯವನ್ನು ಆಕೆ ಬಚ್ಚಿಡಲಿಲ್ಲ. ಮಂತ್ರಿಗಳು ಒಂದೇ ನೋಟಕ್ಕೆ ತಿಳಿಯುವಂತೆ ಬಣ್ಣದ ಚಿತ್ರಪಟ ಬರೆಸಿ ಮುಂದಿಟ್ಟಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ದಾದಿಯರ ಶಾಲೆ ತೆರೆಯಿತು.

ಆಕೆ ಭಾರತಕ್ಕೆ ಬರಲೇ ಇಲ್ಲ. ಆದರೂ ಇಲ್ಲಿನ ದಂಡುಗಳಿಂದ ವರದಿ ತರಿಸಿ ಸೈನಿಕರ ಆರೋಗ್ಯವನ್ನು ಅಭ್ಯಸಿಸಿದಳು. ನಮ್ಮ ಬಳ್ಳಾರಿಯೂ ಆಗ ಒಂದು ದಂಡು. 1876ರಿಂದ 1878ರವರೆಗಿನ ಮಹಾಕ್ಷಾಮ, ನಮ್ಮ ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ, ಬಳ್ಳಾರಿ ಸೀಮೆಯ ಹಳ್ಳಿಗಳನ್ನು ಬರಿದು ಮಾಡಿತು. 1878ರಲ್ಲಿ ಆಕೆ ಇಂಗ್ಲೆಂಡಿನ ಮಾಸಪತ್ರಿಕೆಯೊಂದರಲ್ಲಿ ಭಾರತದ ರೈತನ ಸಾಲ, ಸಾಹುಕಾರನ ಬಡ್ಡಿ, ನೀರಾವರಿಯ ಅಗತ್ಯಗಳ ಬಗ್ಗೆ ಬರೆದಳು. ಹೊಲದಲ್ಲಿ ನೀರಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಔಷಧಿಯಿದ್ದೂ ವ್ಯರ್ಥವೆಂಬುದನ್ನು ಆಕೆ ಅರಿತಿದ್ದಳು. 1910ರ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು.

ಮಿತ್ರರೇ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಕಳೆದ ವರ್ಷ ಅಜ್ಜಿಯೊಡನೆ ಆಸ್ಪತ್ರೆಯಲ್ಲಿ ಒಂಬತ್ತು ರಾತ್ರಿ ಕಳೆದಾಗ, ದಾದಿಯಾಗಬೇಕೆಂಬ ಆಸೆ ಹುಟ್ಟಿತು. ಬಿ.ಎಸ್ಸಿ. ನರ್ಸಿಂಗಿಗೆ ವಿಜ್ಞಾನ ಓದಿರಬೇಕು. ಆದರೆ ಮೂರು ವರ್ಷದ ಜಿ.ಎನ್.ಎಂ. ತರಬೇತಿಗೆ ಪಿ.ಯು.ಸಿ.ಯಲ್ಲಿ ಕಲಾವಿಭಾಗ ಓದಿದವರೂ ಸೇರಬಹುದು. ಇದನ್ನು ಹೇಳಿದಾಗ, ಹಾಗಾದರೆ ಈ ಮೂರು ವರ್ಷದ ಬಿ.ಎ. ದಂಡವಾಯಿತಲ್ಲ ಎಂದು ಅಪ್ಪ ನೊಂದುಕೊಂಡರು. ಎರೆಹೊಲದ ದುಡಿಮೆಯಲ್ಲಿ ಫೀಸು ಕಟ್ಟಿದವರ ಆ ನೋವು ಸುಳ್ಳಲ್ಲ.

ಆದರೂ ಕಲಿತ ವಿದ್ಯೆ ದಂಡವಾಗುವುದಿಲ್ಲವೆಂಬುದಕ್ಕೆ ನೈಟಿಂಗೇಲಳ ಬಾಳೇ ಸಾಕ್ಷಿ. ಗಣಿತ ತಿಳಿಯದಿದ್ದರೆ ಆಕೆ ಒಳ್ಳೆಯ ದಾದಿಯಾಗಿರುತ್ತಿದ್ದಳು; ತಿಳಿದಿದ್ದರಿಂದ ತಾನು ಕಾಣದ ಸಾವಿರಾರು ಜೀವಗಳನ್ನೂ ಉಳಿಸಿದಳು. ಅಪ್ಪ ಇನ್ನೂ ಒಪ್ಪಿಲ್ಲ. ಈ ಸಂಚಿಕೆ ಕೈಸೇರಿದ ದಿನ ಈ ಲೇಖನವನ್ನು ಅವರಿಗೆ ಓದಿ ಹೇಳಬೇಕೆಂದಿದ್ದೇನೆ.