ಕಳ್ಳಿಗೆ ಮಹಾಬಲ ಭಂಡಾರಿ

ಕಾಸರಗೋಡಿನ ಕನ್ನಡಿಗರು ಮರೆಯಬಾರದ ಹಿರಿಯರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಒಬ್ಬರು. ವೃತ್ತಿಯಿಂದ ಅವರು ವಕೀಲರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಈ ನೆಲ ಕನ್ನಡನಾಡಿಗೆ ಸೇರಬೇಕೆಂದು ಕರ್ನಾಟಕ ಸಮಿತಿ ಹೋರಾಟಕ್ಕಿಳಿಯಿತು. ಭಂಡಾರಿಯವರು ಅದರ ಮುಂದಾಳುಗಳಾದರು.

1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆರಿಸಿ ಬಂದಿದ್ದರು. 1960ರಲ್ಲಿ ಅದೇ ಕ್ಷೇತ್ರದಿಂದ ಭಂಡಾರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು ಕೇರಳ ವಿಧಾನಸಭೆಗೆ ಹೋದರು. 1967ರಲ್ಲಿ ಜನರು ಅವರನ್ನು ಮತ್ತೊಮ್ಮೆ ಆರಿಸಿದರು. ಅವರ ಬೆನ್ನಿಗಿದ್ದ ದೊಡ್ಡ ಬಲವೆಂದರೆ ಊರ ಜನರ ಭಾಷಾಭಿಮಾನ.

ಅದೇ ವರ್ಷ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಕನ್ನಡಿಗರಲ್ಲಿ ಆಸೆ ಚಿಗುರಿತು. ಆದರೆ ವರದಿ ಜಾರಿಗೆ ಬರಲಿಲ್ಲ. 1970ರ ಚುನಾವಣೆಯಲ್ಲಿ ಕ್ಷೇತ್ರವು ಕಮ್ಯೂನಿಸ್ಟ್ ಪಕ್ಷದ ಎಂ. ರಾಮಪ್ಪನವರ ಪಾಲಾಯಿತು.

ಚುನಾವಣೆ ಗೆದ್ದರೂ ಭಂಡಾರಿಯವರು ಬಯಸಿದಂತೆ ಗಡಿ ಬದಲಾಗಲಿಲ್ಲ. ಆದರೆ ರಾಜ್ಯದ ಈ ತುದಿಯಲ್ಲಿ ಕನ್ನಡಿಗರಿದ್ದಾರೆ, ಅವರಿಗೂ ಒಂದು ಅಹವಾಲಿದೆ ಎಂಬುದು ದೂರದ ತಿರುವನಂತಪುರಕ್ಕೆ ಮುಟ್ಟಿತು. ವಿದ್ಯಾರ್ಥಿಗಳೇ, ಎಲ್ಲ ಪ್ರಯತ್ನವೂ ಕೈಗೂಡುವುದಿಲ್ಲ. ಆದರೂ ನಂಬಿದ ಕೆಲಸವನ್ನು ಬಿಡಬಾರದು. ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಈ ಪುಟವನ್ನು ಓದುವಾಗ ಆ ಹಿರಿಯರನ್ನೊಮ್ಮೆ ನೆನೆಯೋಣ.